ಮೂರು ಸುಣ್ಣದ ಬೊಟ್ಟು

ಕೋಗಿಲು ದಾಟಿ ಇನ್ನೂ ಮೂಡಲಿಗೆ ಹೋದರೆ, ಅಪಾರ್ಟ್‌ಮೆಂಟುಗಳ ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ಮೊದಲು ಒಂದು ಗುಡ್ಡ ಸಿಗುತ್ತದೆ. ಊರವರು ಅದನ್ನು ಮೂಡಲಗುಡ್ಡ ಎನ್ನುತ್ತಿದ್ದರು. ಈಗ ಅದರ ಹೆಸರು ಸನ್‌ರೈಸ್ ಹಿಲ್. ಹೆಸರಿಟ್ಟವರು ಯಾರೋ, ನಾಮಕರಣಕ್ಕೆ ಊರವರನ್ನು ಕರೆದಿರಲಿಲ್ಲ. ಗುಡ್ಡ ಅಂದರೂ ಅದು ಅರ್ಧ ಗುಡ್ಡ. ಉಳಿದರ್ಧವನ್ನು ನಲವತ್ತು ವರ್ಷ ಒಡೆದು ಲಾರಿಗೆ ತುಂಬಿ ಕಳಿಸಿದ್ದಾಗಿದೆ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಎಷ್ಟೋ ಮನೆಗಳ ಪಾಯ, ಮೆಟ್ಟಿಲು, ಕಾಂಪೌಂಡು ಎಲ್ಲ ಇಲ್ಲಿಂದ ಹೋದದ್ದು. ಒಡೆದ ಜಾಗದಲ್ಲಿ ತೆಂಗಿನ ಮರ ಮುಳುಗುವಷ್ಟು ಆಳದ ಗುಂಡಿ, ಗುಂಡಿಯಲ್ಲಿ ಹಸಿರು ನೀರು, ನೀರಿನ ಮೇಲೆ ಎಲ್ಲಿಂದಲೋ ಬಂದ ಎರಡು ಬಾತುಕೋಳಿ. ಇಷ್ಟನ್ನು ನೋಡಲು ಭಾನುವಾರ ಬೆಳಗಾಗುವ ಮೊದಲೇ ಜನ ಕಾರು ಮಾಡಿಕೊಂಡು ಬರುತ್ತಾರೆ.

ಒಡೆದವರಲ್ಲಿ ಬೈರಣ್ಣನೂ ಒಬ್ಬ. ಹದಿನಾರಕ್ಕೆ ಸುತ್ತಿಗೆ ಹಿಡಿದು ಐವತ್ತೈದಕ್ಕೆ ಬಿಟ್ಟವನು. ಬಿಟ್ಟ ಅನ್ನುವುದೂ ಸರಿಯಲ್ಲ, ಬಿಡಿಸಿದರು. ಹದಿನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಜೀಪಿನಲ್ಲಿ ನಾಲ್ಕು ಜನ ಬಂದು, ಕ್ವಾರಿ ಬಂದ್ ಅಂತ ಕಾಗದ ತೋರಿಸಿ, ಇದ್ದಬದ್ದ ಸುತ್ತಿಗೆ ಹಾರೆಗಳನ್ನೆಲ್ಲ ಎತ್ತಿ ಜೀಪಿಗೆ ಹಾಕಿಕೊಂಡು, ಎಲ್ಲರನ್ನೂ ಕೆಳಗಿಳಿಸಿದರು. ಆ ಹೊತ್ತಿಗೆ ಬೈರಣ್ಣ ಮತ್ತು ಅವನ ಜೊತೆಗಾರ ಮುರುಗೇಶ್ ಗುಂಡಿಯ ನೆತ್ತಿಯ ಮೇಲಿನ ದೊಡ್ಡ ಹಾಸುಬಂಡೆಯ ಕೆಲಸದಲ್ಲಿದ್ದರು. ಕೆಲಸ ಅರ್ಧಕ್ಕೆ ನಿಂತಿತು. ಈ ಕಥೆಯ ಗ್ರಹಚಾರವೆಲ್ಲ ಆ ಅರ್ಧದಲ್ಲಿದೆ.

ದೊಡ್ಡ ಬಂಡೆ ಸೀಳುವ ಕೆಲಸದಲ್ಲಿ ಅವಸರ ನಡೆಯುವುದಿಲ್ಲ. ಗೆರೆ ಎಳೆದು, ಗೆರೆಯುದ್ದಕ್ಕೂ ಮೊಳಕ್ಕೊಂದರಂತೆ ಕುಳಿ ತೋಡಿ, ಕುಳಿಗೊಂದು ಕಬ್ಬಿಣದ ಬೆಣೆ ಇಟ್ಟು, ಆ ತುದಿಯಿಂದ ಈ ತುದಿಗೆ ಬೆಣೆಗೊಂದು ಏಟು ಹಾಕುತ್ತಾ ಬರಬೇಕು. ಅದು ಒಂದು ಸುತ್ತು. ಆಮೇಲೆ ಕೂತು ಬೀಡಿ ಸೇದಬೇಕು. ಏಟು ಕಲ್ಲಿನೊಳಕ್ಕೆ ಇಳಿಯಲು ಅಷ್ಟು ಹೊತ್ತು ಕೊಡಬೇಕು. ಮತ್ತೆ ಒಂದು ಸುತ್ತು. ಮೂರನೆಯದು ಮುಗಿದಾಗ ಎಂಥ ಬಂಡೆಯಾದರೂ ಬಾಯಿ ಬಿಡುತ್ತದೆ. ಆ ಹಾಸುಬಂಡೆಗೆ ಹನ್ನೆರಡು ಬೆಣೆ. ಎರಡು ಸುತ್ತು ಮುಗಿದಿತ್ತು.

ಏಟು ಬಿದ್ದ ಕಲ್ಲನ್ನು ಹಾಗೇ ಬಿಟ್ಟು ಹೋಗಬೇಕಾಗಿ ಬಂದರೆ ಕಸುಬಿನವರಿಗೆ ಒಂದು ಕಟ್ಟಳೆ ಇದೆ. ಗೆರೆಯ ಮೇಲೆ ಮೂರು ಕಡೆ ಅಂಗೈಯಗಲದ ಸುಣ್ಣದ ಬೊಟ್ಟು ಇಡಬೇಕು. ನೋಡಿದವನಿಗೆ, ಇದರ ಮೇಲೆ ಕಾಲಿಡಬೇಡ ಎಂದು ಗೊತ್ತಾಗಬೇಕು, ಅದು ಮೊದಲನೆಯದು. ಇನ್ನೊಂದು, ಒಣಗಿದ ಸುಣ್ಣ ಹಿಗ್ಗುವುದಿಲ್ಲ. ಕಲ್ಲು ಕೂದಲೆಳೆಯಷ್ಟು ಸರಿದರೂ ಬೊಟ್ಟು ನಡುವೆ ಬಿರಿಯುತ್ತದೆ. ಬೆಳಿಗ್ಗೆ ಬಂದ ಆಳು ಮೊದಲು ಬೊಟ್ಟು ನೋಡುತ್ತಾನೆ. ಇಡಿಯಾಗಿದ್ದರೆ ಕಲ್ಲು ನಿಂತಿದೆ, ಬಿರಿದಿದ್ದರೆ ಕಲ್ಲು ಹೊರಟಿದೆ. ಓದು ಬರೆಹ ಇಲ್ಲದವರು ಮಾಡಿಕೊಂಡ ಈ ಏರ್ಪಾಡು ಯಾವತ್ತೂ ಸುಳ್ಳಾಗಿರಲಿಲ್ಲ.

ಜೀಪು ಹೋದ ಮೇಲೆ ಬೈರಣ್ಣ ಹಿಂದಿರುಗಿ ಬಂದು ಮೂರು ಬೊಟ್ಟು ಇಟ್ಟ. ಆಮೇಲೆ ಪ್ರತಿ ವರ್ಷ ಆಯುಧಪೂಜೆಯ ದಿನ, ಪೂಜೆಗೆ ಆಯುಧವೇ ಇಲ್ಲದವನು, ಒಂದು ತಗಡಿನ ಡಬ್ಬಿಯಲ್ಲಿ ಸುಣ್ಣ ಕಲಸಿಕೊಂಡು ಗುಡ್ಡ ಹತ್ತಿ ಬೊಟ್ಟುಗಳನ್ನು ಹೊಸದು ಮಾಡಿ ಬರುತ್ತಿದ್ದ. ಹದಿಮೂರು ವರ್ಷ ಅವು ಇಡಿಯಾಗೇ ಇದ್ದವು. ಅದರಿಂದಲೇ ಅವನಿಗೆ ಧೈರ್ಯ ಬಂದದ್ದು, ಆ ಧೈರ್ಯದಿಂದಲೇ ಕೆಟ್ಟದ್ದು.

ಬೈರಣ್ಣನ ಮನೆಯಲ್ಲಿ ಇರುವುದು ಇಬ್ಬರೇ, ಅವನು ಮತ್ತು ಅವನ ಮಗಳ ಮಗಳು ಬಿಂದುಶ್ರೀ. ಮಗಳು ಹೆರಿಗೆಯಲ್ಲೇ ಹೋದಳು, ಅಳಿಯ ಇನ್ನೊಂದು ಮದುವೆಯಾದ, ಕೂಸನ್ನು ಸಾಕಿದ್ದು ಇವನು. ಕಲ್ಲು ಒಡೆಯುವ ಕೈಯಲ್ಲಿ ಜಡೆ ಹಾಕುವುದನ್ನು ಕಲಿತ. ಬಿಂದುಶ್ರೀ ಬಿ.ಕಾಂ. ಮುಗಿಸಿ ವಿದ್ಯಾರಣ್ಯಪುರದ ಒಂದು ಜಿಮ್ಮಿನ ರಿಸೆಪ್ಷನ್ನಿನಲ್ಲಿ ಕೂತಿದ್ದಳು. ಕೊರೊನಾ ಬಂದು ಜಿಮ್ಮು ಮುಚ್ಚಿತು. ಮನೆಯಲ್ಲಿ ಮಂಕಾಗಿ ಕೂತಿದ್ದ ಹುಡುಗಿಯನ್ನು ಗೆಲುವು ಮಾಡಲು ಬೈರಣ್ಣನೇ ಒಂದು ಮುಂಜಾನೆ ಗುಡ್ಡಕ್ಕೆ ಕರೆದುಕೊಂಡು ಹೋದ. ಆ ಹಾಸುಬಂಡೆಯನ್ನು ತೋರಿಸಿದವನೂ ಅವನೇ.

"ಇಲ್ಲಿಂದ ನೋಡವ್ವ. ಇಂಥ ಜಾಗ ಇನ್ನೆಲ್ಲೂ ಸಿಗಾಕಿಲ್ಲ" ಅಂದಿದ್ದ.

ನಿಜಕ್ಕೂ ಸಿಗುವುದಿಲ್ಲ. ಬಂಡೆ ಗುಂಡಿಯ ಮೇಲೆ ಎಂಟು ಹೆಜ್ಜೆ ಚಾಚಿಕೊಂಡಿದೆ. ಎದುರಿಗೆ ಸೂರ್ಯ, ಕಾಲ ಕೆಳಗೆ ನೀರು, ಎಡಕ್ಕೆ ಏರ್‌ಪೋರ್ಟಿಗೆ ಇಳಿಯುವ ವಿಮಾನಗಳ ಸಾಲು. ಕೂಗಿದರೆ ಗುಂಡಿಯ ಗೋಡೆಗೆ ಬಡಿದು ಕೂಗಿದ್ದು ಮೂರು ಸಲ ವಾಪಸ್ ಬರುತ್ತದೆ. ಬಿಂದುಶ್ರೀ ತನ್ನ ಹೆಸರನ್ನು ತಾನೇ ಕೂಗಿಕೊಂಡು ಬಹಳ ದಿನದ ಮೇಲೆ ನಕ್ಕಳು. ಬೈರಣ್ಣ ಅಂಚಿನವರೆಗೆ ಹೋಗಲು ಬಿಟ್ಟ. ಬೊಟ್ಟು ಇಡಿಯಾಗಿತ್ತು, ಎರಡೇ ಸುತ್ತು ಏಟಿಗೆ ಇಂಥ ಬಂಡೆ ಏಳುವುದಿಲ್ಲ ಎಂದು ಅವನ ಲೆಕ್ಕ.

ಆ ನಗುವಿನಿಂದಲೇ ಅವಳ 'ಕ್ವಾರಿ ವಾಕ್' ಹುಟ್ಟಿತು. ಮೊದಲು ಜಿಮ್ಮಿನ ನಾಲ್ಕು ಹೆಂಗಸರು, ಆಮೇಲೆ ಅಪಾರ್ಟ್‌ಮೆಂಟಿನವರು, ಆಮೇಲೆ ಇನ್‌ಸ್ಟಾಗ್ರಾಮ್ ನೋಡಿ ಯಶವಂತಪುರದಿಂದ, ಎಲ್ಲೆಲ್ಲಿಂದಲೋ. ಭಾನುವಾರಕ್ಕೆ ಇಪ್ಪತ್ತು ಮೂವತ್ತು ಜನ. ವಾಕ್ ಮುಗಿಯುವವರೆಗೆ ಫೋನ್ ಸೈಲೆಂಟಿನಲ್ಲಿ ಇಡಬೇಕು, ಫೋಟೊಗೆ ಮಾತ್ರ ತೆಗೆಯಬಹುದು ಎಂಬುದು ಅವಳ ರೂಲು. ಜನಕ್ಕೆ ಅದೂ ಇಷ್ಟವಾಯಿತು. ಮೂರು ವರ್ಷದಲ್ಲಿ ಆ ಹುಡುಗಿಗೆ ಒಂದು ಹೆಸರು, ಒಂದು ಸ್ಕೂಟರು, ತಲೆ ಎತ್ತಿ ನಡೆಯುವ ನಡಿಗೆ ಬಂತು. ಬೈರಣ್ಣನಿಗೆ ಇದಕ್ಕಿಂತ ಇನ್ನೇನೂ ಬೇಕಿರಲಿಲ್ಲ.

ಕಳೆದ ಆಯುಧಪೂಜೆಯ ದಿನ ಡಬ್ಬಿ ಹಿಡಿದು ಹತ್ತಿದವನು ನೋಡಿದರೆ, ಮೂರು ಬೊಟ್ಟಿನಲ್ಲಿ ನಡುವಿನದು ಬಿರಿದಿತ್ತು.

ಉಗುರು ಆಡಿಸಿ ನೋಡಿದ. ಕಲ್ಲೆತ್ತಿಕೊಂಡು ಬಂಡೆಯನ್ನು ಬಡಿದು ಕಿವಿಗೊಟ್ಟ. ಗಟ್ಟಿ ಕಲ್ಲು ಖಣ್ ಎನ್ನಬೇಕು. ಇದು ಬದ್ ಎಂದಿತು. ಬೈರಣ್ಣ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಎದ್ದು ಗುಡ್ಡ ಇಳಿದು, ನೇರ ಬಸ್ಸು ಹಿಡಿದು ಯಶವಂತಪುರಕ್ಕೆ ಹೋದ.

ಮುರುಗೇಶ್ ಅಲ್ಲಿ ಮಾರ್ಕೆಟ್ಟಿನ ಹಿಂದೆ ಮಗಳ ಮನೆಯಲ್ಲಿ, ಒಂದು ರೂಮಿನಲ್ಲಿ ಮಲಗಿದ್ದ. ಅವನ ಎದೆಯಲ್ಲಿ ನಲವತ್ತು ವರ್ಷದ ಕಲ್ಲಿನ ಧೂಳು. ಬೈರಣ್ಣನ ಎದೆಯಲ್ಲೂ ಇದೆ, ಆದರೆ ಇವನು ಇನ್ನೂ ಓಡಾಡುತ್ತಾನೆ, ಅವನು ಬಚ್ಚಲಿಗೆ ಹೋಗಿ ಬರಲು ಎರಡು ಕಡೆ ಕೂರಬೇಕು.

"ಎಷ್ಟು ಸುತ್ತು ಒಡುದ್ವಿ ಮುರುಗೇಶ, ಆ ಅಂಚಿನ ಬಂಡೆಗೆ?"

"ಎರಡು. ಮೂರನೇದಕ್ಕೆ ಕೈ ಎತ್ತಿದ್ದೆ ಅಣ್ಣ, ಜೀಪು ಬಂತು."

"ಬೊಟ್ಟು ಬಿರ್ದದೆ."

ಮುರುಗೇಶ್ ಸ್ವಲ್ಪ ಹೊತ್ತು ಉಸಿರು ಜೋಡಿಸಿಕೊಂಡ. "ಪುಡಿ ಉದುರ್ತಾ?"

"ಇನ್ನೂ ಇಲ್ಲ."

"ಪುಡಿ ಉದುರಿದ್ರೆ ಒಂದು ಬೀಡಿ ಹೊತ್ತು, ಅಷ್ಟೇ. ನಿನಗೆ ಗೊತ್ತಲ್ಲ."

ಗೊತ್ತಿತ್ತು. ಕಲ್ಲು ಹೊರಡುವ ಮೊದಲು ಸೀಳಿನ ಕೆಳಗಿಂದ ಹಿಡಿ ಹಿಡಿ ಪುಡಿ ಉದುರಿಸುತ್ತದೆ. ಪುಡಿ ಕಂಡರೆ ಎಲ್ಲಿದ್ದವರು ಅಲ್ಲಿಂದ ಓಡಬೇಕು. ಹಿಂದೆ ಲಕ್ಕಣ್ಣ ಅನ್ನುವವನು ಎಲ್ಲರ ಜೊತೆ ಓಡಿಬಂದು, ಚಪ್ಪಲಿ ಮರೆತೆ ಅಂತ ವಾಪಸ್ ಹೋಗಿದ್ದ. ಚಪ್ಪಲಿ ಸಿಕ್ಕಿದವು, ಲಕ್ಕಣ್ಣ ಸಿಗಲಿಲ್ಲ.

"ಯಾರೂ ಇಲ್ದಾಗ ಮೂರನೇ ಸುತ್ತು ಒಡೆದುಬಿಡು ಅಣ್ಣ. ಖಾಲಿ ಬೀಳ್ಲಿ" ಅಂದ ಮುರುಗೇಶ್. ಬಾಗಿಲು ಗಾಳಿಗೆ ಮುಚ್ಚದಂತೆ ಒತ್ತುಗೊಟ್ಟಿದ್ದ, ಅವತ್ತು ಜೀಪಿನವರ ಕೈಗೆ ಸಿಗದೆ ಉಳಿದ ಹಳೇ ಸುತ್ತಿಗೆಯನ್ನು ಕಣ್ಣಲ್ಲೇ ತೋರಿಸಿದ. "ತಕಂಡೋಗು. ನಾನೂ ಬರ್ತಿದ್ದೆ."

ಬೈರಣ್ಣ ಸುತ್ತಿಗೆ ತಂದ, ಆದರೆ ತಕ್ಷಣ ಗುಡ್ಡ ಹತ್ತಲಿಲ್ಲ. ಬಾಯಿ ಮಾತಿನಲ್ಲಿ ಆಗುವುದಾದರೆ ಆಗಲಿ ಎಂದು ಅವನ ಆಸೆ. ಅವತ್ತೇ ಸಂಜೆ ಬಿಂದುಶ್ರೀಗೆ ಎಲ್ಲ ಹೇಳಿದ. ಅವಳು ಹಗುರವಾಗಿ ತೆಗೆದುಕೊಳ್ಳಲಿಲ್ಲ. ವಾಕಿಗೆ ತಪ್ಪದೆ ಬರುತ್ತಿದ್ದ ಅಶ್ವತ್ಥ್ ಎಂಬ ಇಂಜಿನಿಯರ್‌ನನ್ನು ಮಾರನೇ ದಿನವೇ ಕರೆದುಕೊಂಡು ಹೋಗಿ ಬಂಡೆ ತೋರಿಸಿದಳು. ಅಶ್ವತ್ಥ್ ಒಳ್ಳೆಯವನು, ಅದೇ ತೊಂದರೆ. ಕೆಟ್ಟವನಾಗಿದ್ದರೆ ಯಾರೂ ಅವನ ಮಾತು ಕೇಳುತ್ತಿರಲಿಲ್ಲ. ಬಂಡೆಯ ಮೇಲೆ ಹಾರಿ ಕುಣಿದು ನೋಡಿ, ಸುಣ್ಣದ ಬಿರುಕನ್ನು ಬೆರಳಲ್ಲಿ ಉಜ್ಜಿ ನೋಡಿ ನಕ್ಕ.

"ಸುಣ್ಣ ಒಣಗಿದ್ರೆ ಬಿರಿಯುತ್ತೆ ತಾತ. ಇದು ಗ್ರಾನೈಟು. ಇನ್ನೂರು ಕೋಟಿ ವರ್ಷದ ಕಲ್ಲು ಕಣ್ರೀ ಇದು, ಎಲ್ಲಿಗೂ ಹೋಗಲ್ಲ."

"ಕಲ್ಲಿಗೆ ವಯಸ್ಸಾಗಿರಬೋದು ಸಾಮಿ. ನಾವು ಕೊಟ್ಟ ಏಟಿಗೆ ಅದ್ನಾಕೇ ವರ್ಸ" ಅಂದ ಬೈರಣ್ಣ. ಅಶ್ವತ್ಥ್‌ಗೆ ಈ ಮಾತು ಬಹಳ ಹಿಡಿಸಿ, ಅದನ್ನೇ ವಾಕಿನವರ ವಾಟ್ಸಾಪ್ ಗ್ರೂಪಿನಲ್ಲಿ ಬರೆದು ಹಾಕಿದ. ನೂರಾರು ಜನ ಮೆಚ್ಚಿದರು.

ಬೈರಣ್ಣ ಗಣಿ ಇಲಾಖೆಯ ಆಫೀಸಿಗೂ ಹೋದ. ಮೇಜಿನ ಹಿಂದೆ ಕೂತವರು ಕಂಪ್ಯೂಟರಿನಲ್ಲಿ ಹುಡುಕಿ, ಆ ಕ್ವಾರಿ ಹದಿನಾಲ್ಕು ವರ್ಷದ ಹಿಂದೆಯೇ ಮುಚ್ಚಿದೆ, ಮುಚ್ಚಿದ ಕ್ವಾರಿಗೆ ಯಾರಿಗೂ ಪ್ರವೇಶವಿಲ್ಲ, ಪ್ರವೇಶವಿಲ್ಲದ ಮೇಲೆ ಅಪಾಯ ಯಾರಿಗೆ ಎಂದು ಕೇಳಿದರು. ಅವನು ಕೈಮುಗಿದು ಹೊರಟ. ಬರುವ ದಾರಿಯಲ್ಲಿ ಜಾಲಿ ಮುಳ್ಳು ಕಡಿದು, ಹೊತ್ತು, ಬಂಡೆಯ ಸುತ್ತ ಬೇಲಿ ಹಾಕಿದ. ಭಾನುವಾರ ಸ್ವಚ್ಛತಾ ಅಭಿಯಾನದವರು ಕೈಗೆ ಗ್ಲೌಸು ಹಾಕಿಕೊಂಡು ಬೇಲಿಯನ್ನೆಲ್ಲ ಕಿತ್ತು, ಮೂಟೆ ಕಟ್ಟಿ, ಮೂಟೆಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು.

ಬೊಟ್ಟು ಚಿಕ್ಕದಾಗಿದ್ದರಿಂದ ಕಾಣುತ್ತಿಲ್ಲವೇನೋ ಎಂದುಕೊಂಡ ಬೈರಣ್ಣ. ಒಂದು ಬಕೆಟ್ ಸುಣ್ಣ ಕಲಸಿ ಹೊತ್ತುಕೊಂಡು ಹೋಗಿ, ಮೂರು ಬೊಟ್ಟುಗಳನ್ನೂ ಮೊರದಗಲ ಮಾಡಿದ. ಕುರುಡನಿಗೂ ಕಾಣಬೇಕು, ಹಾಗೆ. ಮುಂದಿನ ಭಾನುವಾರ ಬಿಂದುಶ್ರೀ ಖುಷಿಯಲ್ಲಿ ಮನೆಗೆ ಬಂದು ಫೋನ್ ತೋರಿಸಿದಳು. ಮೂರು ಬಿಳಿ ಬೊಟ್ಟಿನಲ್ಲಿ ಮೂರು ಜನ ನಿಂತಿದ್ದಾರೆ, ಹಿಂದೆ ಸೂರ್ಯ ಹುಟ್ಟುತ್ತಿದ್ದಾನೆ. ಇನ್ನೊಂದು ಫೋಟೊದಲ್ಲಿ ಬೇರೆ ಮೂರು ಜನ. ಮತ್ತೊಂದರಲ್ಲಿ ಮತ್ತೆ ಮೂರು.

"ಎಲ್ರೂ ಲೈನ್ ನಿಂತು ಒಬ್ಬೊಬ್ರಾಗಿ ಹೋಗಿ ನಿಲ್ತಿದಾರೆ ತಾತ. ಯಾರೂ ಹೇಳಿದ್ದಿಲ್ಲ."

ಯಾರೂ ಹೇಳಬೇಕಾಗಿರಲಿಲ್ಲ. ಕೊರೊನಾ ಕಾಲದಲ್ಲಿ ರೇಷನ್ ಅಂಗಡಿ, ಔಷಧಿ ಅಂಗಡಿ, ಬ್ಯಾಂಕು, ಎಲ್ಲದರ ಮುಂದೆಯೂ ನೆಲದ ಮೇಲೆ ಬಿಳಿ ಸುತ್ತು ಬರೆದು, ಇದರೊಳಗೆ ನಿಲ್ಲಿ ಎಂದು ಎರಡು ವರ್ಷ ಊರಿಗೆ ಊರನ್ನೇ ಪಳಗಿಸಿದ್ದರು. ಬಿಳಿ ಸುತ್ತು ಕಂಡರೆ ಜನಕ್ಕೆ ಈಗ ಕಾಲು ತಾನಾಗಿ ಹೋಗುತ್ತದೆ. ಬೈರಣ್ಣ ಫೋನನ್ನು ಅವಳ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿ ನಿಂತ. ದೂರ ಹೋಗಿ ಅಂತ ಬರೆದದ್ದನ್ನು ಜನ ಬನ್ನಿ ಅಂತ ಓದಿಕೊಂಡರೆ ಮನುಷ್ಯ ಏನು ಮಾಡಬೇಕು ಎಂದು ಅವನಿಗೆ ತೋಚಲಿಲ್ಲ.

ತೋಚಿದ್ದು ಒಂದೇ. ಬುಧವಾರ ಬೆಳಕು ಹರಿಯುವ ಹೊತ್ತಿಗೆ ಸುತ್ತಿಗೆ ಹೊತ್ತುಕೊಂಡು ಹತ್ತಿದ. ಬುಧವಾರ ಯಾರೂ ಬರುವುದಿಲ್ಲ. ಹನ್ನೆರಡು ಬೆಣೆಗಳೂ ತುಕ್ಕು ಹಿಡಿದು ಕುಳಿಯಲ್ಲೇ ಕಚ್ಚಿಕೊಂಡಿದ್ದವು. ಗೆರೆಯ ಈಚೆ, ಗುಡ್ಡದ ಕಡೆಗೆ ಕಾಲೂರಿ ಎಡತುದಿಯಿಂದ ಶುರುಮಾಡಿದ. ಒಂದು. ಎರಡು. ಕೈಗೆ ಹಳೆಯ ಲಯ ನೆನಪಿತ್ತು, ಎದೆಗೆ ಇರಲಿಲ್ಲ. ಐದನೆಯದಕ್ಕೆ ಕಣ್ಣು ಕತ್ತಲೆ ಬಂತು. ಏಳನೆಯದಕ್ಕೆ ಸುತ್ತಿಗೆ ಎತ್ತಿದವನು ಏಟು ಹಾಕಿ, ಹಾಗೇ ಕುಸಿದು ಕೂತು ಕೆಮ್ಮತೊಡಗಿದ. ಕೆಮ್ಮು ನಿಂತಾಗ ಅವನ ಸುತ್ತ ನಾಲ್ಕು ಜೊತೆ ಬೂಟುಗಳಿದ್ದವು.

ಅಶ್ವತ್ಥ್ ಮತ್ತು ಅಪಾರ್ಟ್‌ಮೆಂಟಿನ ಇನ್ನು ಮೂವರು. ವರ್ಕ್ ಫ್ರಮ್ ಹೋಮಿನವರಿಗೆ ಬುಧವಾರವೂ ಭಾನುವಾರವೇ ಎಂದು ಬೈರಣ್ಣನಿಗೆ ಹೇಗೆ ಗೊತ್ತಿರಬೇಕು. ಒಬ್ಬಾಕೆ ಆಗಲೇ ವಿಡಿಯೊ ಮಾಡುತ್ತಿದ್ದಳು.

"ಏನ್ ತಾತ ಇದು, ನೀವೇ ಇಂಗ್ ಮಾಡಿದ್ರೆ? ಉಳಿದಿರೋದೇ ಇಷ್ಟು ಗುಡ್ಡ" ಅಂದ ಅಶ್ವತ್ಥ್, ನಿಜವಾದ ನೋವಿನಿಂದ.

"ಐದೇ ಏಟು ಸಾಮಿ. ಐದು ಆಕ್ಬುಡ್ತೀನಿ, ಆಮೇಲೆ ಪೊಲೀಸ್ರಿಗೆ ಕೊಡಿ, ಏನಾದ್ರೂ ಮಾಡಿ. ಸುತ್ತು ಅರ್ಧಕ್ಕೆ ನಿಲ್ಲಿಸ್ಬಾರ್ದು. ಬಿಟ್ರೆ ಮೊದಲಿಗಿಂತ ಕೆಟ್ಟದಾಯ್ತದೆ."

ಸುತ್ತಿಗೆಯನ್ನು ಮೆಲ್ಲಗೆ, ಮರ್ಯಾದೆಯಿಂದಲೇ ಅವನ ಕೈಯಿಂದ ಬಿಡಿಸಿಕೊಂಡರು. ನೀರು ಕುಡಿಸಿದರು. ತೋಳು ಹಿಡಿದು ಗುಡ್ಡ ಇಳಿಸಿ ಮನೆಗೆ ಬಿಟ್ಟರು. ಹದಿನಾಲ್ಕು ವರ್ಷದಲ್ಲಿ ಎರಡನೇ ಸಲ ಅದೇ ಬಂಡೆಯ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿ ಅವನನ್ನು ಕೆಳಗಿಳಿಸಿದ್ದಾಯಿತು.

ಅವತ್ತು ಸಂಜೆ ಬಿಂದುಶ್ರೀ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೋಡೆಗೊರಗಿ ಕೂತು ಅತ್ತಳು.

"ವಿಡಿಯೊ ಎಲ್ಲಾ ಕಡೆ ಹೋಗಿದೆ ತಾತ. ನೀನು ಕ್ವಾರಿ ಮಾಫಿಯಾದವನಂತೆ. ಬಿಲ್ಡರ್ ಕಡೆಯಿಂದ ಕಾಸು ತಗೊಂಡಿದೀಯಂತೆ."

ಮೊಣಕೈ ಹರಿದ ಸ್ವೆಟರಿನಲ್ಲಿ ಕೂತಿದ್ದ ಮಾಫಿಯಾದವನು ನೆಲ ನೋಡಿದ. "ನನ್ನ ಏನಾದ್ರೂ ಅನ್ಲಿ. ನೀನು ಆ ಕಲ್ಲು ಅತ್ತಬ್ಯಾಡ ಕಣವ್ವ."

"ನೀನು ಇನ್ನೊಂದ್ಸಲ ಗುಡ್ಡಕ್ಕೆ ಹೋಗಲ್ಲ ಅಂತ ಹೇಳು. ನನ್ ತಲೆ ಮೇಲೆ ಕೈ ಇಟ್ಟು ಹೇಳು."

ತಲೆ ಮೇಲೆ ಕೈಯಿಟ್ಟ ಆಣೆ ಅಂದರೆ ಬೈರಣ್ಣನ ಕಡೆಯವರಿಗೆ ಹುಡುಗಾಟವಲ್ಲ. ಆಣೆ ಮುರಿದರೆ ತಟ್ಟುವುದು ಮುರಿದವನಿಗಲ್ಲ, ಆ ತಲೆಗೆ. ಅವನು ಹಿಂದೆಗೆದ. ಬಿಂದುಶ್ರೀ ಅವನ ಕೈ ಹಿಡಿದು ತಾನೇ ತಲೆಯ ಮೇಲೆ ಇಟ್ಟುಕೊಂಡಳು. ಆಮೇಲೆ, ಅವನ ಮುಖ ನೋಡಿ ಮನಸ್ಸು ಕರಗಿ, ತನ್ನ ಕಡೆಯಿಂದ ಒಂದು ಮಾತು ಕೊಟ್ಟಳು.

"ನೋಡು ತಾತ, ಪ್ರತಿ ವಾರ ನಾನೇ ಫಸ್ಟ್ ಬೊಟ್ಟು ನೋಡ್ತೀನಿ. ನೀನ್ ಕಲಸಿಕೊಟ್ಟ ಸುಣ್ಣ ನಾನೇ ಹಚ್ತೀನಿ. ಒಂದು ಕೂದಲಷ್ಟು ಬಿರಿದಿದ್ರೂ ಆ ಬಂಡೆ ಮೇಲೆ ಯಾರನ್ನೂ ಬಿಡಲ್ಲ. ವಾಕೇ ಕ್ಯಾನ್ಸಲ್. ಆಯ್ತಾ?"

ಆಯ್ತು ಅಂದ ಬೈರಣ್ಣ. ಅವಳು ಮಾತಿಗೆ ತಪ್ಪುವವಳಲ್ಲ. ಸುಣ್ಣವೂ ತಪ್ಪುವುದಿಲ್ಲ. ಎರಡೂ ಸೇರಿದರೆ ಹೇಗೋ ನಡೆದೀತು ಎಂದು ಅವನಿಗೆ ಅನೇಕ ದಿನಗಳ ಮೇಲೆ ಅನ್ನ ಸೇರಿತು.

ಮುಂದಿನ ಭಾನುವಾರ ಬಂದು ಹೇಳಿದಳು, ಬೊಟ್ಟು ಇಡಿಯಾಗಿದೆ. ಅದರ ಮುಂದಿನ ಭಾನುವಾರ ಹೇಳಿದಳು, ಎಡಗಡೆಯದು ಒಂದು ಎಳೆ ಬಿರಿದಿತ್ತು, ಯಾರನ್ನೂ ಬಿಡಲಿಲ್ಲ, ದೂರದಿಂದಲೇ ತೋರಿಸಿ ಕರೆತಂದೆ, ಎಲ್ಲರೂ ಮುಖ ಊದಿಸಿಕೊಂಡು ಹೋದರು. ಅವಳ ಮುಖವೂ ಚಿಕ್ಕದಾಗಿತ್ತು. ಬೈರಣ್ಣನ ಕಣ್ಣು ತುಂಬಿ ಬಂತು. ಇಂಥ ಹುಡುಗಿಯನ್ನು ಸಾಕಿದೆನಲ್ಲ ಎಂದು ಹೆಮ್ಮೆಪಟ್ಟ. ಮೂರನೇ ವಾರ ಹೊಸ ಸುಣ್ಣ ಹಚ್ಚಿದಳು, ಮತ್ತೆ ಬಿರಿಯಿತು. ಆ ವಾರ ಬಂದವರು ಹನ್ನೊಂದೇ ಜನ.

ನಾಲ್ಕನೇ ಭಾನುವಾರ ಐದು ಗಂಟೆಗೆ ಎದ್ದು ಶೂ ಕಟ್ಟಿಕೊಳ್ಳುತ್ತಿದ್ದವಳ ಮುಖ ಹಗುರವಾಗಿತ್ತು. ಬೈರಣ್ಣ ಎಂದಿನಂತೆ ಸುಣ್ಣದ ಡಬ್ಬಿ ತಂದು ಅವಳ ಮುಂದಿಟ್ಟ.

"ಇದಿನ್ನು ಬೇಡ ತಾತ. ಬಿರೀತಿದ್ದದ್ದು ಒಣಗಿದ ಸುಣ್ಣ ಅಷ್ಟೇ ಅಂತೆ, ಕಲ್ಲಲ್ಲ. ನಿನ್ನೆ ಅಶ್ವತ್ಥ್ ಸರ್ ಮತ್ತೆ ನಾವೆಲ್ಲ ಹೋಗಿ ಸರಿ ಮಾಡಿ ಬಂದ್ವಿ. ಪಾಪ, ನಿನ್ ಬಗ್ಗೆ ಅಂಗೆಲ್ಲಾ ಬರೆದಿದ್ದಕ್ಕೆ ಅವರಿಗೇ ಬೇಜಾರು. ತಾತನ ಬೊಟ್ಟು ಪರ್ಮನೆಂಟಾಗಿ ಇರ್ಲಿ ಅಂತ ಅವರೇ ಪೇಂಟ್ ತಂದ್ರು. ಟೆರೇಸ್ ಸೋರದೇ ಇರೋಕೆ ಹೊಡೀತಾರಲ್ಲ, ಅದು. ರಬ್ಬರ್ ಥರ. ಮಳೆಗೂ ಹೋಗಲ್ಲ, ಏನೇ ಆದ್ರೂ ಬಿರಿಯಲ್ಲ." ಅವಳು ಅವನ ಗಲ್ಲ ಮುಟ್ಟಿ ನಕ್ಕಳು. "ಇವತ್ತು ನಲವತ್ತು ಜನ."

ಬೈರಣ್ಣ ಆ ಮಾತನ್ನು ಅರ್ಥ ಮಾಡಿಕೊಂಡು ಬಾಯಿ ತೆರೆಯುವ ಹೊತ್ತಿಗೆ ಸ್ಕೂಟರು ಬೀದಿ ತಿರುಗಿತ್ತು.

ಫೋನ್ ಮಾಡಿದ. ರಿಂಗಾಗಿ ನಿಂತಿತು. ಅವಳ ರೂಲು ಅವಳಿಗೂ ರೂಲೇ. ಮತ್ತೆ ಮಾಡಿದ, ಮತ್ತೆ ಮಾಡಿದ. ಆಮೇಲೆ ಕಾಲಿಗೆ ಸಿಕ್ಕಿದ ಚಪ್ಪಲಿ ಹಾಕಿಕೊಂಡು ಹೊರಟ. ಹೊಸ ಲೇಔಟಿನ ಕಾಂಪೌಂಡು ಬಳಸಿ, ಮೋರಿ ದಾಟಿ, ಹಳೇ ಲಾರಿ ದಾರಿ ಹಿಡಿದು, ನಿಂತು ನಿಂತು ನಡೆದು, ಗುಂಡಿಯ ಬಾಯಿಗೆ ಬರುವಷ್ಟರಲ್ಲಿ ಮೂಡಲು ಕೆಂಪಾಗಿತ್ತು. ಅಲ್ಲಿಂದ ಮೇಲಕ್ಕೆ ಕಾಲುದಾರಿ. ಅವನು ದಾರಿಯ ಬುಡದಲ್ಲಿ ನಿಂತುಬಿಟ್ಟ. ಗುಡ್ಡ ಹತ್ತುವುದಿಲ್ಲ ಎಂದು ಆಣೆ ಇಟ್ಟಿದ್ದ, ಅವಳ ತಲೆಯ ಮೇಲೆ. ಇವತ್ತೇ ಮುರಿಯಬೇಕೆ ಎಂದು ಅವನ ಕಾಲು ಏಳಲಿಲ್ಲ. ಇಲ್ಲಿಂದಲೇ ಕೂಗಿ ಕರೆಯುತ್ತೇನೆ ಎಂದುಕೊಂಡ. ಕೂಗಿದರೆ ಕೇಳಿಸುವ ಜಾಗ ಇದು.

ನೀರಿನ ಆಚೆ, ಮೇಲೆ, ಹಾಸುಬಂಡೆ ಪೂರ್ತಿ ಕಾಣುತ್ತಿತ್ತು. ಬಿಳಿ ಬೊಟ್ಟುಗಳಲ್ಲಿ ಮೂರು ಜನ ನಿಂತಿದ್ದರು. ಹತ್ತು ಹನ್ನೆರಡು ಜನ ಅಂಚಿನಲ್ಲಿ ಕಾಲು ಇಳಿಬಿಟ್ಟು ಸಾಲಾಗಿ ಕೂತಿದ್ದರು. ಉಳಿದವರು ಅವರ ಹಿಂದೆ ಗುಂಪಾಗಿ ನಿಂತಿದ್ದರು. ನಡುವೆ ಹಳದಿ ಜಾಕೆಟ್ಟಿನ ಬಿಂದುಶ್ರೀ, ಕೈಚಾಚಿ ಏನೋ ತೋರಿಸುತ್ತಿದ್ದಳು.

"ಬಿಂದೂ" ಎಂದು ಎದೆಯಲ್ಲಿದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದ. "ಬಾರವ್ವಾ ಈಚೆಗೆ."

ಗುಂಡಿಯ ಗೋಡೆ ಅದನ್ನು ತೆಗೆದುಕೊಂಡು ಮೂರು ಸಲ ಹೇಳಿತು. ಕೊನೆಯ ತುಂಡು ಮಾತ್ರ ಮೇಲೆ ಮುಟ್ಟಿತು ಅಂತ ಕಾಣುತ್ತದೆ. ಬಂಡೆಯ ಮೇಲಿದ್ದವರಿಗೆ ಇದು ಆಟವಾಯಿತು. ಒಬ್ಬ ಎದ್ದುನಿಂತು ಬಾಯಿಗೆ ಕೈಯಿಟ್ಟು ಹೋ ಎಂದ. ಎಲ್ಲರೂ ಹೋ ಎಂದರು. ಬಿಂದುಶ್ರೀ ಬಗ್ಗಿ ಕೆಳಗೆ ನೋಡಿ, ತಾತನನ್ನು ಗುರುತು ಹಿಡಿದು, ಎರಡೂ ಕೈ ಎತ್ತಿ ಆಡಿಸಿದಳು. ಆಣೆ ಉಳಿಸಿಕೊಂಡು ಕೆಳಗೇ ನಿಂತಿದ್ದಾನೆ ಎಂದು ಅವಳಿಗೆ ಸಂತೋಷವಾಗಿರಬೇಕು. ಪಕ್ಕದವರಿಗೆ ಹೇಳಿದಳು. ಅವರೆಲ್ಲ "ತಾತಾ" ಎಂದು ಒಟ್ಟಿಗೆ ಕೂಗಿದರು. ಬೈರಣ್ಣ ತೋಳು ಬೀಸಿ ಬೀಸಿ ಬಾ ಬಾ ಎಂದ. ನಲವತ್ತು ಜನ ಅವನಿಗೆ ಕೈ ಬೀಸಿದರು.

ಆಗ ಬಾತುಕೋಳಿಗಳು ಎದ್ದು ಹಾರಿದವು. ಬೈರಣ್ಣ ನೀರಿನ ಕಡೆ ನೋಡಿದ. ಬಂಡೆಯ ನೇರ ಕೆಳಗೆ ಹಸಿರು ನೀರಿನ ಮೇಲೆ, ಮಳೆ ಶುರುವಾದಾಗ ಬೀಳುವಂಥ ಸಣ್ಣ ಸಣ್ಣ ಉಂಗುರಗಳು ಎದ್ದಿದ್ದವು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ತಲೆ ಎತ್ತಿದ. ಸೀಳಿನ ಬುಡದಿಂದ ಬಿಳಿ ಪುಡಿ ಸಣ್ಣಗೆ, ನಿಲ್ಲದೆ, ಬೆಳಕಿನಲ್ಲಿ ಇಳಿಯುತ್ತಿತ್ತು. ಅವರಲ್ಲೊಬ್ಬಳು ಅದನ್ನು ಕಂಡು, ಎಷ್ಟು ಚೆಂದ ಎಂದೋ ಏನೋ, ಫೋನ್ ಹಿಡಿದು ಬಗ್ಗಿದಳು.

ಒಂದು ಬೀಡಿ ಹೊತ್ತು.

ಬೈರಣ್ಣ ಆಣೆ ಮುರಿದು ಹತ್ತತೊಡಗಿದ. ಆ ದಾರಿ ಹತ್ತಲು ಅವನಿಗೆ ಅರ್ಧ ಗಂಟೆ ಬೇಕು.